ಹಗುರ ಹಳೆ ಬೈಕಿನ ಸ್ಕ್ರ್ಯಾಂಬಲ್ಸ್: ಗಾಡಿ ಕಟ್ಟುವುದರಿಂದ ಓಟ ನಡೆಸುವವರೆಗೆ

ಏರು, ಇಳಿಜಾರು, ಕೆಸರು, ಹುಲ್ಲು ಎಲ್ಲ ಇರುವ ಹೊಲದಲ್ಲಿ ಹಗ್ಗ ಕಟ್ಟಿ ದಾರಿ ಗುರುತಿಸಿ, ಇಪ್ಪತ್ತು ಸವಾರರನ್ನು ಒಂದೇ ಸಾಲಿನಿಂದ ಬಿಡುವುದು ಸ್ಕ್ರ್ಯಾಂಬಲ್ಸ್. ಇಂದಿನ ಮೋಟೊಕ್ರಾಸ್‌ನ ಮೂಲ ಇದೇ. ಇಂಗ್ಲೆಂಡಿನ ಸರ್ರೆಯಲ್ಲಿರುವ ಕ್ಯಾಂಬರ್ಲಿಯ ಬಯಲಿನಲ್ಲಿ 1924ರಲ್ಲಿ ನಡೆದ ಓಟದಿಂದ ಇದರ ಲೆಕ್ಕ ಶುರುವಾಗುತ್ತದೆ. ಡೇವ್ ಬಿಕರ್ಸ್ 1960 ಮತ್ತು 1961ರಲ್ಲಿ ಗ್ರೀವ್ಸ್ ಗಾಡಿಯ ಮೇಲೆ 250 ಸಿಸಿ ಯುರೋಪಿಯನ್ ಚಾಂಪಿಯನ್ ಆದಾಗ, ಹಗುರ ಟೂ-ಸ್ಟ್ರೋಕ್‌ಗಳ ತಾಕತ್ತು ಏನೆಂದು ಎಲ್ಲರಿಗೂ ಗೊತ್ತಾಯಿತು. ಆ ದಶಕದಲ್ಲಿ ಬ್ರಿಟನ್ನಿನ ಟಿ.ವಿ.ಯಲ್ಲಿ ಚಳಿಗಾಲದ ಶನಿವಾರಗಳಂದು ಸ್ಕ್ರ್ಯಾಂಬಲ್ಸ್ ಬರುತ್ತಿತ್ತು.

ಈ ಆಟಕ್ಕೆ ಇಪ್ಪತ್ತರ ಹರೆಯದವರನ್ನು ಕರೆತರಬೇಕಾದರೆ ಗಾಡಿ ಸಣ್ಣದಿರಬೇಕು, ಖರ್ಚು ಹಿಡಿತದಲ್ಲಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಗಾಡಿ ದಿನವಿಡೀ ಓಡಬೇಕು. ಹೊಸಬರು ಸೋತು ಬಿಟ್ಟುಹೋಗುವುದಿಲ್ಲ. ಎರಡನೇ ಸುತ್ತಿಗೇ ಗಾಡಿ ನಿಂತು, ಉಳಿದ ದಿನವನ್ನೆಲ್ಲ ಕಿಕ್ಕರ್ ಹೊಡೆಯುತ್ತ ಕಳೆದು ಬಿಟ್ಟುಹೋಗುತ್ತಾರೆ. ಹಾಗಾಗಿ ಕೆಳಗಿನ ಮಾತುಗಳಲ್ಲಿ ಹೆಚ್ಚಿನ ಪಾಲು ಶಕ್ತಿ ಏರಿಸುವುದರ ಬಗ್ಗೆ ಇಲ್ಲ. ಸೀಲು, ಕಿಡಿ, ಧೂಳು ಈ ಮೂರರ ಬಗ್ಗೆ ಇದೆ.

ಮೊದಲು ನಿಯಮ, ಆಮೇಲೆ ಗಾಡಿ

ಗಾಡಿ ಕೊಳ್ಳುವ ಮೊದಲೇ ವರ್ಗದ ನಿಯಮ ಬರೆದು ಒಪ್ಪಿಕೊಳ್ಳಿ. ಇಲ್ಲದಿದ್ದರೆ ದುಡ್ಡಿರುವ ಒಬ್ಬ ಮೊದಲ ವರ್ಷವೇ ವರ್ಗವನ್ನು ಕೆಡಿಸುತ್ತಾನೆ. ಬ್ರಿಟನ್ನಿನಲ್ಲಿ 1965ಕ್ಕೆ ಮುಂಚಿನ ಗಾಡಿ ಎಂಬ ಗೆರೆ ಬಹಳ ಕಾಲದಿಂದ ಬಳಕೆಯಲ್ಲಿದೆ. ಅಮೆರಿಕದ ಹಳೆ ಗಾಡಿಗಳ ಓಟದಲ್ಲಿ ಇಸವಿಯ ಜೊತೆಗೆ ಸಸ್ಪೆನ್ಷನ್ನಿನ ಚಲನೆಗೂ ಮಿತಿ ಇಟ್ಟಿದ್ದಾರೆ: ಮುಂದೆ 7 ಇಂಚು, ಹಿಂದೆ 4 ಇಂಚು. ಈ ಎರಡನೆಯ ಮಿತಿ ಬಹಳ ಜಾಣತನದ್ದು. ಟೇಪು ಹಿಡಿದು ಅಳೆದು ನೋಡಬಹುದು, ವಾದಕ್ಕೆ ಜಾಗವಿಲ್ಲ. ಚಲನೆ ಕಡಿಮೆ ಇದ್ದರೆ ವೇಗವೂ ತಾನಾಗಿ ಹಿಡಿತದಲ್ಲಿರುತ್ತದೆ, ಯಾರೂ ಎತ್ತರಕ್ಕೆ ಹಾರುವುದಿಲ್ಲ.

ಹೊಸಬರ ವರ್ಗಕ್ಕೆ ನಮ್ಮ ಸಲಹೆ ಇದು: 200 ಸಿಸಿವರೆಗೆ, ಗಾಳಿಯಿಂದ ತಣಿಯುವ ಇಂಜಿನ್, ಎರಡೂ ಕಡೆ ಡ್ರಮ್ ಬ್ರೇಕ್, ಹಿಂದೆ ಎರಡು ಶಾಕ್ ಅಬ್ಸಾರ್ಬರ್. ಆ ಕಾಲದಲ್ಲಿ ರೀಡ್ ವಾಲ್ವ್ (ಒಳಬಂದ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ತೆಳು ಎಲೆಯ ಕವಾಟ) ಇಲ್ಲದ ಇಂಜಿನ್ನಿಗೆ ಈಗ ರೀಡ್ ವಾಲ್ವ್ ಕೂರಿಸುವಂತಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್, ಹೊಸ ಟೈರು, ಹೊಸ ಶಾಕ್, ಫೋಮ್ ಫಿಲ್ಟರ್ ಇವಕ್ಕೆ ಧಾರಾಳವಾಗಿ ಅನುಮತಿ ಕೊಡಿ. ಇವು ಗಾಡಿಯನ್ನು ಓಡುವ ಸ್ಥಿತಿಯಲ್ಲಿಡುತ್ತವೆ, ಆಟದ ಸ್ವರೂಪವನ್ನು ಬದಲಿಸುವುದಿಲ್ಲ. ಬೋಲ್ಟು ಬೋಲ್ಟಿಗೂ ಅಸಲಿತನ ಕೇಳುವ ಕ್ಲಬ್ಬಿಗೆ ಹೊಸಬರು ಬರುವುದಿಲ್ಲ.

ಯಾವ ಗಾಡಿ

ಬಿಎಸ್‌ಎ ಬ್ಯಾಂಟಮ್ ಮೊದಲ ಆಯ್ಕೆ. ಜರ್ಮನಿಯ ಡಿಕೆಡಬ್ಲ್ಯೂ ಆರ್‌ಟಿ 125ರ ವಿನ್ಯಾಸದ ಮೇಲೆ 1948ರಲ್ಲಿ 123 ಸಿಸಿಯ ಡಿ1 ಬಂತು, ಆಮೇಲೆ 172 ಸಿಸಿಯ ಡಿ7. ಡಿ1ರದ್ದು ನಾಲ್ಕೂವರೆ ಅಶ್ವಶಕ್ತಿ ಮಾತ್ರ; ಕಲಿಯಲು ಸಾಕು, ಓಟಕ್ಕೆ ಡಿ7 ಅಥವಾ ಅದರ ನಂತರದ ಮಾದರಿ ಬೇಕು. ಬಿಡಿಭಾಗಗಳು ಇವತ್ತಿಗೂ ಹೊಸದಾಗಿ ತಯಾರಾಗುತ್ತಿವೆ. ಮೂರು ಗೇರಿನ ಪೆಟ್ಟಿಗೆಯಲ್ಲಿ ಎರಡು ಮತ್ತು ಮೂರರ ನಡುವೆ ದೊಡ್ಡ ಅಂತರವಿರುವುದರಿಂದ ಏರಿನಲ್ಲಿ ಇಂಜಿನ್ ಸೊರಗುತ್ತದೆ. ನಾಲ್ಕು ಗೇರಿನ ಕೊನೆಯ ಮಾದರಿಗಳು ಸಿಕ್ಕರೆ, ನಿಮ್ಮ ನಿಯಮದ ಇಸವಿ ಅವನ್ನು ಒಪ್ಪಿದರೆ, ಒಳ್ಳೆಯದು.

ವಿಲಿಯರ್ಸ್ ಇಂಜಿನ್ ಕೂರಿಸಿದ ಗ್ರೀವ್ಸ್, ಡಾಟ್, ಕಾಟನ್ ಗಾಡಿಗಳು ಕಾರ್ಖಾನೆಯಿಂದಲೇ ಸ್ಕ್ರ್ಯಾಂಬಲ್ಸ್‌ಗೆಂದು ಬಂದವು. ಬೆಲೆ ಹೆಚ್ಚು, 250ರ ವರ್ಗಕ್ಕೆ ಸರಿ. ಟ್ರಯಂಫ್ ಟೈಗರ್ ಕಬ್ 199 ಸಿಸಿಯ ಫೋರ್-ಸ್ಟ್ರೋಕ್, ಓಡಿಸಲು ಬಲು ಚೆನ್ನ. ಆದರೆ ಅದರ ಟೈಮಿಂಗ್ ಕಡೆಯ ಬುಶ್ ಸವೆದಿದ್ದರೆ ಆಯಿಲ್ ಒತ್ತಡ ಇಳಿದು ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್) ಹೋಗುತ್ತದೆ. ಬುಶ್ ಅಳೆಯದೆ ಕೊಳ್ಳಬೇಡಿ. ನಿಯಮದ ಗೆರೆಯನ್ನು ಕೆಲವು ವರ್ಷ ಮುಂದಕ್ಕೆ ಹಾಕಿದರೆ ಅಮೆರಿಕದ ಮಾರುಕಟ್ಟೆಗೆಂದು ಜಪಾನಿನಲ್ಲಿ ತಯಾರಾದ ಹೊಡಾಕಾಗಳೂ ಒಳಗೆ ಬರುತ್ತವೆ. ಹದಿಹರೆಯದ ಸವಾರರಿಗೆ ಅವು ಹೇಳಿ ಮಾಡಿಸಿದಂತಿವೆ.

ಕೊಳ್ಳುವಾಗ ಬಣ್ಣ ನೋಡಬೇಡಿ. ಫ್ರೇಮಿನ ಹೆಡ್ ಸ್ಟಾಕ್ (ಸ್ಟೀರಿಂಗ್ ಕೂರುವ ಕೊಳವೆ) ಹತ್ತಿರ ಬೆರಳಾಡಿಸಿ, ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯ ಬಿರುಕು ಇದೆಯೇ ಹುಡುಕಿ. ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರ ಕುಳಿತು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯೇ ನೋಡಿ. ಫೋರ್ಕ್ ಪೈಪು ಬಿಚ್ಚಿ ದಪ್ಪ ಗಾಜಿನ ಮೇಲೆ ಉರುಳಿಸಿದರೆ ಸೊಟ್ಟಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಇಂಜಿನ್: ಗಾಳಿ ಎಲ್ಲಿಂದ ಒಳಗೆ ಬರುತ್ತಿದೆ

ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸೇ, ಅಂದರೆ ಪಿಸ್ಟನ್ನಿನ ಕೆಳಗಿನ ಮುಚ್ಚಿದ ಪೆಟ್ಟಿಗೆಯೇ, ಪಂಪು. ಅಲ್ಲಿ ಎಲ್ಲಿಂದಲಾದರೂ ಗಾಳಿ ಸೋರಿದರೆ ಕಾರ್ಬೊರೇಟರ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಹತ್ತಾರು ವರ್ಷ ಮೂಲೆಯಲ್ಲಿ ನಿಂತ ಗಾಡಿಯ ಕ್ರ್ಯಾಂಕ್ ಸೀಲುಗಳು ಗಟ್ಟಿಯಾಗಿರುತ್ತವೆ. ನೋಡಲು ಚೆನ್ನಾಗಿದ್ದರೂ ಬದಲಿಸಿ. ಯಾವ ಕಡೆಯ ಸೀಲು ಹೋಗಿದೆ ಎಂಬುದನ್ನು ಇಂಜಿನ್ನೇ ಹೇಳುತ್ತದೆ. ಕ್ಲಚ್ ಕಡೆಯದು ಹೋಗಿದ್ದರೆ ಅಲ್ಲಿನ ಆಯಿಲ್ ಇಂಜಿನ್ನಿಗೆ ಸೆಳೆದು ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಆಯಿಲ್ ಮಟ್ಟ ಇಳಿಯುತ್ತದೆ, ಪ್ಲಗ್ ಒದ್ದೆ. ಮ್ಯಾಗ್ನೆಟ್ ಕಡೆಯದು ಹೋಗಿದ್ದರೆ ಹೊಗೆ ಇಲ್ಲ. ಥ್ರಾಟಲ್ ಬಿಟ್ಟರೂ ಇಂಜಿನ್ ವೇಗ ತಕ್ಷಣ ಇಳಿಯದೆ ಮೇಲೇ ನಿಲ್ಲುತ್ತದೆ, ಪ್ಲಗ್ ಬಿಳಿಚಿಕೊಳ್ಳುತ್ತದೆ. ಎರಡನೆಯದೇ ಅಪಾಯಕಾರಿ. ಮಿಶ್ರಣ ತೆಳುವಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಇಂಜಿನ್ ಜೋಡಿಸಿದ ಮೇಲೆ ಒತ್ತಡ ಪರೀಕ್ಷೆ ಮಾಡಲೇಬೇಕು. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ತುಂಡು ಮತ್ತು ತಗಡಿನಿಂದ ಮುಚ್ಚಿ, ಸೈಕಲ್ ಪಂಪಿನಿಂದ 0.4 ಬಾರ್, ಅಂದರೆ ಸುಮಾರು 6 ಪಿಎಸ್‌ಐ ಗಾಳಿ ತುಂಬಿ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಇದಕ್ಕಿಂತ ಹೆಚ್ಚು ಒತ್ತಡ ಕೊಟ್ಟರೆ ಹೊಸ ಸೀಲೇ ಮಗುಚಿಕೊಳ್ಳುತ್ತದೆ.

ಬೋರಿಂಗ್ ಮಾಡಿಸುವಾಗ ಹೊಸ ಪಿಸ್ಟನ್ ಕೈಯಲ್ಲಿಟ್ಟುಕೊಂಡು ವರ್ಕ್‌ಶಾಪಿಗೆ ಹೋಗಿ. ಬ್ಲಾಕನ್ನು ಆ ಪಿಸ್ಟನ್ನಿಗೇ ಅಳತೆ ಮಾಡಬೇಕು. ಪಿಸ್ಟನ್ ಜೊತೆ ಬಂದ ಕಾಗದದ ಅಂತರವೇ ಅಂತಿಮ. ರಿಂಗ್ ತುದಿಗಳ ನಡುವಿನ ಅಂತರಕ್ಕೆ ಹಳೆಯ ಲೆಕ್ಕ ಬೋರಿನ ಪ್ರತಿ ಇಂಚಿಗೆ 4 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು), ಅಂದರೆ 60 ಮಿ.ಮೀ. ಬೋರಿಗೆ ಸುಮಾರು 0.25 ಮಿ.ಮೀ. ಬೋರಿಂಗ್ ಆದ ಮೇಲೆ ಪೋರ್ಟುಗಳ ಅಂಚು ಬ್ಲೇಡಿನಂತಿರುತ್ತದೆ. ಸಣ್ಣ ಕಲ್ಲಿನಿಂದ ಆ ಅಂಚನ್ನು ಮೊಂಡು ಮಾಡದಿದ್ದರೆ ರಿಂಗ್ ಅಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ. ಎಷ್ಟೋ ವರ್ಕ್‌ಶಾಪುಗಳು ಈ ಕೆಲಸ ಮಾಡದೆ ಬ್ಲಾಕು ಕೊಡುತ್ತವೆ. ಬೆರಳು ಹಾಕಿ ನೀವೇ ನೋಡಿ. ಜೋಡಿಸುವಾಗ ಪ್ರತಿ ರಿಂಗಿನ ಬಾಯಿ ಪಿಸ್ಟನ್ ಮೇಲಿನ ಸಣ್ಣ ಪಿನ್ನಿಗೆ ಕೂತಿದೆಯೇ ಎಂದು ಕೊನೆಯ ಗಳಿಗೆಯಲ್ಲೂ ಖಚಿತ ಮಾಡಿಕೊಳ್ಳಿ.

ಇಂಜಿನ್ ಹಿಡಿದುಕೊಂಡರೆ ಮತ್ತೆ ಪಿಸ್ಟನ್ ಹಾಕಿ ಓಡಿಸುವ ಮೊದಲು ಹಳೆ ಪಿಸ್ಟನ್ನನ್ನು ಓದಿ. ಗಡಿಯಾರದಲ್ಲಿ ಹತ್ತೂವರೆ, ಒಂದೂವರೆ, ನಾಲ್ಕೂವರೆ, ಏಳೂವರೆ ಎಂಬಂತೆ ನಾಲ್ಕು ಕಡೆ ಉದ್ದುದ್ದ ಗೀರಿದ್ದರೆ ಇಂಜಿನ್ ಬಿಸಿಯಾಗುವ ಮೊದಲೇ ಪೂರ್ತಿ ಥ್ರಾಟಲ್ ಕೊಟ್ಟಿದ್ದಾರೆ, ಇಲ್ಲವೇ ಬೋರು ಬಿಗಿಯಿದೆ: ಪಿಸ್ಟನ್ ಹಿಗ್ಗಿದ ವೇಗಕ್ಕೆ ಎರಕದ ಬ್ಲಾಕು ಹಿಗ್ಗಿಲ್ಲ. ಎಕ್ಸಾಸ್ಟ್ ಕಡೆ ಮಾತ್ರ ಉಜ್ಜಿದ್ದರೆ ಮಿಶ್ರಣ ತೆಳು ಅಥವಾ ಟೈಮಿಂಗ್ ಮುಂದೆ, ಅಂದರೆ ಕಿಡಿ ಬೇಗ ಬರುತ್ತಿದೆ. ಸುತ್ತಲೂ ಮಂಕಾಗಿ ಉಜ್ಜಿದಂತಿದ್ದು, ಇನ್‌ಲೆಟ್ ಕಡೆ ಹೆಚ್ಚು ಸವೆದಿದ್ದರೆ ಅದು ಧೂಳು.

ಪೆಟ್ರೋಲು, ಆಯಿಲ್, ಗಾಳಿ

ಆ ಕಾಲದ ಪುಸ್ತಕಗಳಲ್ಲಿ ಪೆಟ್ರೋಲಿಗೆ ಆಯಿಲ್ 16:1, 20:1 ಅಂತಿರುತ್ತದೆ. ಅದು ಅಂದಿನ ಆಯಿಲಿಗೆ. ಇಂದಿನ ಒಳ್ಳೆಯ ಟೂ-ಸ್ಟ್ರೋಕ್ ಆಯಿಲಿಗೆ 32:1 ಸಾಕು: 5 ಲೀಟರಿಗೆ 156 ಮಿ.ಲೀ. ಹೊಸ ಪಿಸ್ಟನ್ ಪಳಗುವವರೆಗೆ 25:1, ಅಂದರೆ 5 ಲೀಟರಿಗೆ 200 ಮಿ.ಲೀ. ಅಳತೆ ಪಾತ್ರೆಯಿಂದಲೇ ಹಾಕಿ, ಅಂದಾಜಿನಿಂದ ಬೇಡ. ಒಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ: ಆಯಿಲ್ ಹೆಚ್ಚಿಸಿದರೆ ಕಾರ್ಬೊರೇಟರಿನ ಜೆಟ್ಟಿನಿಂದ (ಪೆಟ್ರೋಲು ಹರಿಯುವ ಸಣ್ಣ ತೂತು) ಹರಿಯುವ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಅನುಪಾತ ಬದಲಿಸಿದಾಗೆಲ್ಲ ಜೆಟ್ ಮತ್ತೆ ನೋಡಬೇಕು.

ಎಥನಾಲ್ ಬೆರೆತ ಪೆಟ್ರೋಲು ಹಳೆಯ ಫೈಬರ್ ಗ್ಲಾಸ್ ಟ್ಯಾಂಕಿನ ಅಂಟನ್ನು ಕರಗಿಸುತ್ತದೆ, ಆ ಅಂಟು ಕಾರ್ಬೊರೇಟರಿನಲ್ಲಿ ಹೋಗಿ ಕೂರುತ್ತದೆ. ತಗಡಿನ ಅಥವಾ ಅಲ್ಯೂಮಿನಿಯಂ ಟ್ಯಾಂಕ್ ಹಾಕಿ. ಓಟ ಮುಗಿದ ದಿನವೇ ಟ್ಯಾಂಕೂ ಕಾರ್ಬೊರೇಟರ್ ಬಟ್ಟಲೂ ಖಾಲಿ ಮಾಡಿ.

ಮೇನ್ ಜೆಟ್ ನೋಡಲು ಉದ್ದನೆಯ ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಅದೇ ಸ್ಥಿತಿಯಲ್ಲಿ ಕ್ಲಚ್ ಹಿಡಿದು ಕಿಲ್ ಬಟನ್ ಒತ್ತಿ ಇಂಜಿನ್ ನಿಲ್ಲಿಸಿ, ಅಲ್ಲೇ ಪ್ಲಗ್ ಬಿಚ್ಚಿ ಬಣ್ಣ ನೋಡಿ. ನಿಧಾನವಾಗಿ ಓಡಿಸಿಕೊಂಡು ಬಂದು ಪ್ಲಗ್ ಬಿಚ್ಚಿದರೆ ಸುಳ್ಳು ಬಣ್ಣ ಕಾಣುತ್ತದೆ. ಒಂದೆರಡು ಅಳತೆ ದೊಡ್ಡ ಜೆಟ್ಟಿನಿಂದ ಶುರುಮಾಡಿ ಕೆಳಗಿಳಿಯಿರಿ, ಕೆಳಗಿನಿಂದ ಮೇಲಕ್ಕೆ ಹೋಗಬೇಡಿ. ಪ್ಲಗ್ ಬದಲಿಸುವಾಗ ಚೂಡಿಯ ಉದ್ದ ಗಮನಿಸಿ: ಡಿ1, ಡಿ7 ಬ್ಯಾಂಟಮ್ ಹೆಡ್ಡಿಗೆ ಅರ್ಧ ಇಂಚು, 12.7 ಮಿ.ಮೀ. ಉದ್ದದ ಪ್ಲಗ್ ಬೇಕು. ಉದ್ದ ಪ್ಲಗ್ ಹಾಕಿದರೆ ಪಿಸ್ಟನ್ನಿಗೆ ತಾಗಬಹುದು.

ಅಸಲಿ ತಂತಿ ಜಾಲರಿಯ ಫಿಲ್ಟರ್ ಹೊಲದ ಧೂಳನ್ನು ತಡೆಯುವುದಿಲ್ಲ. ಎರಡು ಪದರದ ಫೋಮ್ ಫಿಲ್ಟರಿಗೆ ಫಿಲ್ಟರ್ ಆಯಿಲ್ ಸವರಿ, ಹಿಂಡಿ, ಕೂರುವ ಅಂಚಿಗೆ ಗ್ರೀಸ್ ಹಚ್ಚಿ ಹಾಕಿ. ಓಟವಾದ ಮೇಲೆ ಕಾರ್ಬೊರೇಟರ್ ಬಾಯಿಯ ಒಳಗೆ ಬಿಳಿ ಬಟ್ಟೆ ಒರೆಸಿ ನೋಡಿ. ಮಣ್ಣಿನ ಬಣ್ಣ ಬಂದರೆ ಫಿಲ್ಟರಿನ ಅಂಚಿನಲ್ಲಿ ಸೋರುತ್ತಿದೆ.

ಕಿಡಿ

ತಣ್ಣಗಿರುವಾಗ ಒಂದೇ ಕಿಕ್ಕಿಗೆ ಶುರುವಾಗಿ, ಬಿಸಿಯಾದ ಮೇಲೆ ಜಪ್ಪಯ್ಯ ಅಂದರೂ ಶುರುವಾಗದ ಗಾಡಿಯಲ್ಲಿ ಮೊದಲು ಸಂಶಯಿಸಬೇಕಾದದ್ದು ಕಂಡೆನ್ಸರ್, ಆಮೇಲೆ ಹೈ ಟೆನ್ಷನ್ ಕಾಯಿಲು. ಕಂಡೆನ್ಸರ್ ಹೋದಾಗ ಪಾಯಿಂಟಿನ (ಕಿಡಿಯ ಸರ್ಕ್ಯೂಟನ್ನು ಮುರಿಯುವ ಸಣ್ಣ ಸ್ವಿಚ್ಚು) ನಡುವೆ ದಪ್ಪ ಕಿಡಿ ಹಾರುವುದು ಕಾಣುತ್ತದೆ, ಪಾಯಿಂಟು ಬೇಗ ಕಪ್ಪಾಗುತ್ತದೆ. ಮ್ಯಾಗ್ನೆಟ್ ಎಳೆಯಲು ಸರಿಯಾದ ಪುಲ್ಲರ್ ಬಳಸಿ. ಸುತ್ತಿಗೆ ಹೊಡೆತಕ್ಕೆ ಕ್ರ್ಯಾಂಕ್ ಸೊಟ್ಟಗಾಗುತ್ತದೆ. ಕ್ರ್ಯಾಂಕ್ ತುದಿಯ ಟೇಪರು ಮತ್ತು ಮ್ಯಾಗ್ನೆಟ್ಟಿನ ಟೇಪರನ್ನು ನಯವಾದ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಕೈಯಿಂದ ಹೊಂದಿಸಿ, ಪೂರ್ತಿ ಒರೆಸಿ ಕೂರಿಸಿ. ಭಾರ ಹೊರುವುದು ಟೇಪರೇ, ಕೀ ಇರುವುದು ಜಾಗ ತೋರಿಸಲು. ಟೇಪರ್ ಸಡಿಲವಿದ್ದರೆ ಕೀ ಕತ್ತರಿಸಿ ಟೈಮಿಂಗ್ ಜಾರುತ್ತದೆ.

ಟೈಮಿಂಗ್ ಹೊಂದಿಸಲು ಪ್ಲಗ್ ತೂತಿಗೆ ಡಯಲ್ ಗೇಜ್ ಹಾಕಿ ಪಿಸ್ಟನ್ನಿನ ತುತ್ತತುದಿಯನ್ನು ಸೊನ್ನೆ ಮಾಡಿ. ನಿಮ್ಮ ಮಾದರಿಯ ಪುಸ್ತಕ ಹೇಳುವ ಅಳತೆಗಿಂತ ಸ್ವಲ್ಪ ಹೆಚ್ಚು ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ಬಂದು ಆ ಅಳತೆಗೆ ನಿಲ್ಲಿ. ಹೀಗೆ ಮಾಡಿದರೆ ಬೇರಿಂಗಿನ ಆಟ ಲೆಕ್ಕ ಕೆಡಿಸುವುದಿಲ್ಲ. ಅಲ್ಲಿ ಪಾಯಿಂಟು ಬಿಡಲು ಶುರುವಾಗಬೇಕು. ಮಲ್ಟಿಮೀಟರ್ ಬಳಸುವುದಾದರೆ ಕಾಯಿಲಿನ ತಂತಿ ಬಿಚ್ಚಿಡಿ. ಕಾಯಿಲಿನ ಪ್ರತಿರೋಧ ತೀರ ಕಡಿಮೆ ಇರುವುದರಿಂದ, ಪಾಯಿಂಟು ತೆರೆದಿದ್ದರೂ ಮೀಟರ್ ಕೂಗುತ್ತಲೇ ಇರುತ್ತದೆ.

ಚೈನು, ಚಕ್ರ, ಬ್ರೇಕು

ರಸ್ತೆಯ ಗೇರಿಂಗ್ ಹೊಲಕ್ಕೆ ಆಗುವುದಿಲ್ಲ. ಮುಂದೆ 16, ಹಿಂದೆ 48 ಹಲ್ಲಿದ್ದರೆ ಅನುಪಾತ 3.0. ಮುಂದೆ 14 ಹಾಕಿದರೆ 3.43, ಹಿಂದೆ 56 ಹಾಕಿದರೆ 3.5. ಮುಂದಿನದನ್ನು ಬದಲಿಸುವುದು ಅಗ್ಗ, ಆದರೆ ಸಣ್ಣ ಸ್ಪ್ರಾಕೆಟ್ಟಿನ ಮೇಲೆ ಚೈನು ಹೆಚ್ಚು ಮಡಿಚಿ ಬೇಗ ಸವೆಯುತ್ತದೆ. ಮೈದಾನದ ಅತ್ಯಂತ ಉದ್ದದ ನೇರದಾರಿಯ ಕೊನೆಗೆ ಮೇಲಿನ ಗೇರಿನಲ್ಲಿ ಇಂಜಿನ್ ಆಗಷ್ಟೇ ಪೂರ್ತಿ ವೇಗ ಮುಟ್ಟುವಂತಿದ್ದರೆ ಗೇರಿಂಗ್ ಸರಿಯಿದೆ.

ಚೈನಿನ ಸಡಿಲ ಅಳೆಯಲು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಸಾಲದು. ಶಾಕ್ ಬಿಚ್ಚಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವೋಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವಂತೆ ಎತ್ತಿ. ಚೈನು ಅತಿ ಬಿಗಿಯಾಗುವುದು ಅಲ್ಲೇ. ಆ ಸ್ಥಿತಿಯಲ್ಲಿ 15ರಿಂದ 20 ಮಿ.ಮೀ. ಆಡಬೇಕು. ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಲಿ.

ಮುಂದೆ 21 ಇಂಚಿನ ರಿಮ್ಮಿಗೆ 2.75 ಅಥವಾ 3.00, ಹಿಂದೆ 18ಕ್ಕೆ 4.00 ಅಥವಾ 19ಕ್ಕೆ 3.50. ಗಾಳಿ 12ರಿಂದ 14 ಪಿಎಸ್‌ಐ. ಇಷ್ಟು ಕಡಿಮೆ ಗಾಳಿಗೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ, ಆದ್ದರಿಂದ ಹಿಂದಿನ ಚಕ್ರಕ್ಕೆ ಟೈರನ್ನು ರಿಮ್ಮಿಗೆ ಒತ್ತಿಹಿಡಿಯುವ ರಿಮ್ ಲಾಕ್ ಹಾಕಿ. ಹೊಸದಾಗಿ ಕಟ್ಟಿದ ಚಕ್ರದ ಕಡ್ಡಿಗಳು ಮೊದಲ ಅಭ್ಯಾಸದಲ್ಲೇ ಸಡಿಲವಾಗುತ್ತವೆ; ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ, ಮಂದವಾಗಿ ಸದ್ದು ಮಾಡುವುದನ್ನು ಕಾಲು ಸುತ್ತು ಬಿಗಿ ಮಾಡಿ.

ಹಳೆಯ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ತೆಗೆಯಬೇಡಿ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಹೊಸ ಲೈನರಿನ ಮುಂಚೂಣಿ ಅಂಚನ್ನು ಓರೆಯಾಗಿ ಉಜ್ಜಿದರೆ ಬ್ರೇಕು ಕಚ್ಚುವುದಿಲ್ಲ, ಕಿರುಚುವುದಿಲ್ಲ.

ಸವಾರ

ಇಲ್ಲಿ ಒಂದು ನಿಜವಾದ ಅಪಾಯವಿದೆ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಇಂದಿನ ಗಾಡಿ ಓಡಿಸಿ ಕಲಿತವರು ಗಾಬರಿಯಾದಾಗ ಬಲಗಾಲು ಒತ್ತುತ್ತಾರೆ. ಬ್ರೇಕಿನ ಬದಲು ಗೇರು ಬೀಳುತ್ತದೆ, ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ ಅಥವಾ ಗಾಡಿ ಮುನ್ನುಗ್ಗುತ್ತದೆ. ಯಾವ ಗೇರು ಮೇಲೆ, ಯಾವುದು ಕೆಳಗೆ ಎಂಬುದೂ ಮಾದರಿಯಿಂದ ಮಾದರಿಗೆ ಬೇರೆ. ಟ್ರ್ಯಾಕಿಗೆ ಬಿಡುವ ಮೊದಲು ಖಾಲಿ ಹೊಲದಲ್ಲಿ ಎರಡು ಕೋಲು ನೆಟ್ಟು ಎಂಟರ ಆಕಾರದಲ್ಲಿ ಸುತ್ತಿಸಿ, ಕೂಗಿದ ಕೂಡಲೇ ನಿಲ್ಲಿಸುವ ಅಭ್ಯಾಸ ಮಾಡಿಸಿ. ನಿಲ್ಲಿಸುವಾಗ ತಪ್ಪು ಕಾಲು ಬಾರದ ಹಾಗಾದ ಮೇಲೆಯೇ ಓಟ.

ಹೆಲ್ಮೆಟ್, ಗಾಗಲ್ಸ್, ಬೂಟು, ಎದೆ ಮತ್ತು ಬೆನ್ನಿನ ರಕ್ಷೆ ಇಂದಿನವೇ ಆಗಿರಲಿ. ಹಳೆ ಕಾಲದ ನೋಟ ಗಾಡಿಯಲ್ಲಿದ್ದರೆ ಸಾಕು.

ಹೊಲ ಮತ್ತು ಓಟದ ದಿನ

ಜಮೀನಿನ ಮಾಲೀಕರ ಒಪ್ಪಿಗೆ ಲಿಖಿತವಾಗಿರಲಿ. ಆಯಾ ದೇಶದ ಮೋಟಾರ್ ಸೈಕಲ್ ಕ್ರೀಡಾ ಸಂಸ್ಥೆಯ ಪರವಾನಗಿ ಮತ್ತು ವಿಮೆ ಇಲ್ಲದೆ ಓಟ ಬೇಡ. ಬ್ರಿಟನ್ನಿನಲ್ಲಿ ಎಸಿಯು ಮತ್ತು ಎಎಂಸಿಎ ಎಂಬ ಸಂಸ್ಥೆಗಳು ಈ ಕೆಲಸ ನೋಡಿಕೊಳ್ಳುತ್ತವೆ. ಅಪ್ರಾಪ್ತ ಸವಾರರಿಗೆ ಪೋಷಕರ ಸಹಿ ಬೇಕು. ಸೈಲೆನ್ಸರ್ ಇಲ್ಲದ ಗಾಡಿಯನ್ನು ಒಳಗೆ ಬಿಡಬೇಡಿ. ಹಳ್ಳಿಯವರು ಸದ್ದಿಗೆ ಬೇಸತ್ತರೆ ಹೊಲ ಮತ್ತೆ ಸಿಗುವುದಿಲ್ಲ.

ಒಂದು ಸುತ್ತು 800 ಮೀಟರಿನಿಂದ ಒಂದೂವರೆ ಕಿಲೋಮೀಟರು, ಅಗಲ ಕನಿಷ್ಠ 6 ಮೀಟರು, ಮೊದಲ ತಿರುವಿನಲ್ಲಿ ಅದರ ಎರಡರಷ್ಟು. ಮಣ್ಣು ಎತ್ತರಿಸಿ ಜಂಪ್ ಕಟ್ಟಬೇಡಿ. 4 ಇಂಚಿನ ಸಸ್ಪೆನ್ಷನ್ನಿಗೆ ನೆಲದ ಸಹಜ ಏರಿಳಿತವೇ ಸಾಕು. ಗೂಟಗಳು ಮರದ್ದೇ ಇರಲಿ, ಗುದ್ದಿದರೆ ಮುರಿಯುವಷ್ಟು ತೆಳ್ಳಗಿರಲಿ. ಕಬ್ಬಿಣದ ಸರಳು ಖಂಡಿತ ಬೇಡ. ಟ್ರ್ಯಾಕಿನ ಹಗ್ಗಕ್ಕೂ ಜನರ ಹಗ್ಗಕ್ಕೂ ನಡುವೆ ಕೆಲವು ಮೀಟರ್ ಖಾಲಿ ಜಾಗ ಬಿಡಿ, ತಿರುವಿನ ಹೊರಬದಿಯಲ್ಲಿ ಜನರನ್ನೇ ನಿಲ್ಲಿಸಬೇಡಿ. ಒಣಹವೆಯಿದ್ದರೆ ಹಿಂದಿನ ಸಂಜೆಯೇ ನೀರು ಹಾಯಿಸಿ. ಬೆಳಿಗ್ಗೆ ಹಾಕಿದರೆ ಮೇಲೆ ಜಾರು, ಕೆಳಗೆ ಧೂಳು.

ಗಾಡಿ ತಪಾಸಣೆಯಲ್ಲಿ ನೋಡಬೇಕಾದದ್ದು: ಕೈಬಿಟ್ಟರೆ ತಾನಾಗಿ ಮುಚ್ಚುವ ಥ್ರಾಟಲ್, ಕೆಲಸ ಮಾಡುವ ಕಿಲ್ ಬಟನ್, ತುದಿಯಲ್ಲಿ ಗುಂಡು ಇರುವ ಲಿವರುಗಳು, ಮಡಚುವ ಫುಟ್‌ರೆಸ್ಟ್, ಮುಂದಿನ ಸ್ಪ್ರಾಕೆಟ್ಟಿಗೆ ಮುಚ್ಚಳ, ಹ್ಯಾಂಡಲ್ ತುದಿಗೆ ಮುಚ್ಚಿದ ಗ್ರಿಪ್. ಸೈಡ್ ಸ್ಟ್ಯಾಂಡ್, ಹೆಡ್‌ಲೈಟ್ ಗಾಜು, ಕನ್ನಡಿ ತೆಗೆದಿರಬೇಕು. ಚಕ್ರ ಎತ್ತಿ ಅಲ್ಲಾಡಿಸಿ, ಸ್ಟೀರಿಂಗ್ ಮತ್ತು ಸ್ವಿಂಗ್ ಆರ್ಮ್ ಬೇರಿಂಗಿನ ಆಟ ನೋಡಿ. ತಪಾಸಣೆ ಮಾಡುವವರು ಆ ದಿನ ಸವಾರರಾಗಿರಬಾರದು.

ಅಭ್ಯಾಸ ಮೂರು ಸುತ್ತು. ಓಟ ಆರರಿಂದ ಎಂಟು ನಿಮಿಷ, ದಿನಕ್ಕೆ ಮೂರು. ಹಳೆ ಇಂಜಿನ್ನಿಗೂ ಹೊಸ ಸವಾರನ ತೋಳಿಗೂ ಇದಕ್ಕಿಂತ ಹೆಚ್ಚು ಬೇಡ. ಹೊಸಬರನ್ನು ಅನುಭವಿಗಳ ಜೊತೆ ಒಂದೇ ಸಾಲಿನಿಂದ ಬಿಡಬೇಡಿ. ಬಿಡಲೇಬೇಕಾದರೆ ಅನುಭವಿಗಳು ಮೊದಲು ಹೊರಡಲಿ, ಮೂವತ್ತು ಸೆಕೆಂಡಿನ ನಂತರ ಹೊಸಬರು. ಆ ಕಾಲದಂತೆ ಸಾಲಿನ ಮುಂದೆ ರಬ್ಬರ್ ಪಟ್ಟಿ ಎಳೆದು ಒಂದು ತುದಿ ಬಿಡುವ ಪದ್ಧತಿ ಚೆಂದವೂ ಹೌದು, ಅಗ್ಗವೂ ಹೌದು. ಪಟ್ಟಿ ಚಿಮ್ಮುವ ದಿಕ್ಕಿನಲ್ಲಿ, ಗಟ್ಟಿಯಾಗಿ ಕಟ್ಟಿದ ಗೂಟದ ಹತ್ತಿರ ಯಾರೂ ನಿಲ್ಲದಂತೆ ನೋಡಿಕೊಳ್ಳಿ.

ಪ್ರತಿ ಬಾವುಟದ ಜಾಗದಲ್ಲಿ ಇಬ್ಬರಿರಲಿ: ಒಬ್ಬರು ಬಿದ್ದವರ ಬಳಿ ಓಡಬೇಕು, ಇನ್ನೊಬ್ಬರು ಹಳದಿ ಬಾವುಟ ಬೀಸುತ್ತಲೇ ಇರಬೇಕು. ಒಂದು ಜಾಗದಿಂದ ಮುಂದಿನದು ಕಣ್ಣಿಗೆ ಕಾಣಬೇಕು. ಹಳದಿ ಬೀಸುವಾಗ ಹಿಂದಿಕ್ಕಿದವರನ್ನು ಆ ಓಟದಿಂದ ಹೊರಗಿಡಿ, ಅವರು ಯಾರೇ ಆಗಿರಲಿ. ಆಂಬ್ಯುಲೆನ್ಸ್ ಗಾಯಾಳುವನ್ನು ಕರೆದುಕೊಂಡು ಹೊರಟರೆ, ಅದು ಮರಳುವವರೆಗೆ ಅಥವಾ ಇನ್ನೊಂದು ಬರುವವರೆಗೆ ಓಟ ನಿಲ್ಲಬೇಕು.

ಹೊಸಬರನ್ನು ಸೇರಿಸಲು ಕ್ಲಬ್ಬು ಮಾಡಬಹುದಾದ ಅತ್ಯುತ್ತಮ ಕೆಲಸವೆಂದರೆ ಎರಡು ಮೂರು ಬ್ಯಾಂಟಮ್‌ಗಳನ್ನು ತಾನೇ ಇಟ್ಟುಕೊಂಡು ಎರವಲು ಕೊಡುವುದು. ಮೂರೂ ಒಂದೇ ಮಾದರಿಯಾಗಿದ್ದರೆ ಒಂದೇ ಬಿಡಿಭಾಗದ ಪೆಟ್ಟಿಗೆ ಸಾಕು: ಪ್ಲಗ್ ಆರು, ಪಾಯಿಂಟು ಮತ್ತು ಕಂಡೆನ್ಸರ್ ಎರಡು ಜೊತೆ, ಕ್ಲಚ್ ಮತ್ತು ಥ್ರಾಟಲ್ ಕೇಬಲ್ ಎರಡೆರಡು, ಲಿವರ್ ನಾಲ್ಕು, ಚೈನ್ ಲಾಕ್ ಐದು, ಎರಡು ಅಳತೆಯ ಟ್ಯೂಬು, ರಿಂಗ್ ಒಂದು ಜೊತೆ, ಪ್ಯಾಕಿಂಗ್ ಒಂದು ಸೆಟ್ಟು, ತೊಳೆದು ಆಯಿಲ್ ಹಚ್ಚಿಟ್ಟ ಫಿಲ್ಟರ್ ಗಾಡಿಗೆರಡು. ಗಾಡಿ ಪಡೆದವರು ಹಿಂದಿನ ದಿನ ಬಂದು ಸೀಲು, ಟೈಮಿಂಗ್, ಚೈನು ನೋಡುವ ಕೆಲಸದಲ್ಲಿ ಕೈಜೋಡಿಸಬೇಕು, ಓಟ ಮುಗಿದ ದಿನವೇ ಪೆಟ್ರೋಲು ಖಾಲಿ ಮಾಡಿ, ಮಾರನೆಯ ದಿನ ಬಂದು ತೊಳೆದಿಡಬೇಕು ಎಂಬುದೇ ಬಾಡಿಗೆ. ತೊಳೆಯುವಾಗ ನೀರಿನ ಜೋರು ಧಾರೆಯನ್ನು ಚಕ್ರದ ಬೇರಿಂಗಿಗೂ ಕಾರ್ಬೊರೇಟರ್ ಬಾಯಿಗೂ ಹಿಡಿಯಬಾರದು. ಒಣಗಿದ ಮೇಲೆ ಬ್ರೇಕ್ ಡ್ರಮ್ ಬಿಚ್ಚಿ ಒಳಗಿನ ನೀರು ಒರೆಸಿ, ಕೇಬಲ್‌ಗಳಿಗೆ ಆಯಿಲ್ ಬಿಟ್ಟು, ಸಡಿಲ ಸಿಕ್ಕ ಪ್ರತಿ ಬೋಲ್ಟನ್ನು ಗಾಡಿಯ ಪುಸ್ತಕದಲ್ಲಿ ಬರೆದಿಡಿ. ಒಂದೇ ಬೋಲ್ಟು ಎರಡು ಸಲ ಸಡಿಲವಾದರೆ ಬಿಗಿ ಮಾಡುವುದು ನಿಲ್ಲಿಸಿ, ಅದರ ಸುತ್ತ ಏನು ಬಿರುಕು ಬಿಟ್ಟಿದೆ ಎಂದು ಹುಡುಕಿ.